ರಾಬರ್ಟ್ ಮ್ಯಾನಿಂಗ್: ನೀರಿನ ಹರಿವಿಗೆ ಸೂತ್ರ ಕೊಟ್ಟ ಲೆಕ್ಕಿಗ

ಕಾಲುವೆ ಹಾಗೂ ನದಿಗಳಲ್ಲಿ ನೀರಿನ ವೇಗವನ್ನು ಅಂದಾಜು ಮಾಡಲು ಜಗತ್ತಿನೆಲ್ಲೆಡೆ ಬಳಸುವ ಸೂತ್ರವು ರಾಬರ್ಟ್ ಮ್ಯಾನಿಂಗ್ ಅವರ ಹೆಸರನ್ನು ಹೊತ್ತಿದೆ. 1816ರಲ್ಲಿ ಫ್ರಾನ್ಸಿನ ನಾರ್ಮಂಡಿಯಲ್ಲಿ ಜನಿಸಿದ ಅವರು, 1826ರಲ್ಲಿ ಐರ್ಲೆಂಡಿನ ವಾಟರ್‌ಫರ್ಡಿಗೆ ಬಂದು ನೆಲೆಸಿದರು. ಮೊದಲು ಲೆಕ್ಕಿಗರಾಗಿ ದುಡಿದರು. ಜಲವಿಜ್ಞಾನದಲ್ಲಿ ಅವರಿಗೆ ಶಾಸ್ತ್ರೀಯ ಶಿಕ್ಷಣ ದೊರೆತಿರಲಿಲ್ಲ.

ಆಲೂಗಡ್ಡೆಯ ಬೆಳೆ ನಾಶವಾಗಿ ಐರ್ಲೆಂಡಿನಲ್ಲಿ ಘೋರ ಕ್ಷಾಮ ಹರಡಿದ್ದಾಗ, 1846ರಲ್ಲಿ ಅವರು ಲೋಕೋಪಯೋಗಿ ಮಂಡಳಿಯ ಒಳಚರಂಡಿ ವಿಭಾಗವನ್ನು ಸೇರಿದರು. ಜೌಗು ಹಿಡಿದ ಹೊಲಗಳ ನೀರನ್ನು ಬಸಿದು ನದಿಗೆ ಸಾಗಿಸುವುದು ಆ ವಿಭಾಗದ ಕೆಲಸ. ಕಾಲುವೆಯ ಅಳತೆ ತಪ್ಪಿದರೆ ಹೊಲ ಮುಳುಗುತ್ತಿತ್ತು. ಆದ್ದರಿಂದ ಫ್ರೆಂಚ್ ಲೇಖಕ ದೊಬ್ಯುಯಿಸೋನ್ ಅವರ ಗ್ರಂಥವನ್ನು ತಾವೇ ಓದಿ ವಿಷಯವನ್ನು ಕರಗತ ಮಾಡಿಕೊಂಡರು. ಮುಂದೆ ಬೆಲ್‌ಫಾಸ್ಟ್ ನಗರದ ನೀರು ಸರಬರಾಜಿನ ಯೋಜನೆಯಲ್ಲಿ ದುಡಿದು, 1874ರಲ್ಲಿ ಅದೇ ಮಂಡಳಿಯ ಮುಖ್ಯ ಎಂಜಿನಿಯರ್ ಆದರು.

1889ರ ಡಿಸೆಂಬರಿನಲ್ಲಿ, 73ನೆಯ ವಯಸ್ಸಿನಲ್ಲಿ, ಅವರು ತಮ್ಮ ಪ್ರಬಂಧವನ್ನು ಮಂಡಿಸಿದರು. ಅಂದು ಪ್ರಚಲಿತವಾಗಿದ್ದ ಏಳು ಸೂತ್ರಗಳ ಫಲಿತಾಂಶಗಳನ್ನು ಸರಾಸರಿ ಮಾಡಿ ಸರಳವಾದ ಒಂದು ಸಂಬಂಧವನ್ನು ಕಂಡುಕೊಂಡಿದ್ದರು. ವೇಗವು ಇಳಿಜಾರಿನ ವರ್ಗಮೂಲವನ್ನೂ, ನೀರಿನ ಅಡ್ಡಕೊಯ್ತದ ವಿಸ್ತೀರ್ಣವನ್ನು ಒದ್ದೆಯಾದ ಸುತ್ತಳತೆಯಿಂದ ಭಾಗಿಸಿದಾಗ ಬರುವ ಸಂಖ್ಯೆಯ 2/3ನೆಯ ಘಾತವನ್ನೂ ಅವಲಂಬಿಸುತ್ತದೆ. ಘನಮೂಲ ತೆಗೆಯುವ ತೊಡಕಿನಿಂದಾಗಿ ಮ್ಯಾನಿಂಗ್ ಅವರಿಗೇ ಇದು ಒಪ್ಪಿಗೆಯಾಗಲಿಲ್ಲ. ಅವರು ಬೇರೊಂದು ಸೂತ್ರವನ್ನು ಮುಂದಿಟ್ಟರು. ಲೋಕ ಮಾತ್ರ ಅವರು ಬದಿಗಿರಿಸಿದ್ದನ್ನೇ ಉಳಿಸಿಕೊಂಡು, ಅದಕ್ಕೆ ಒರಟುತನದ ಗುಣಾಂಕವನ್ನು ಜೋಡಿಸಿತು.

ನಯವಾದ ಕಾಂಕ್ರೀಟಿಗೆ ಈ ಗುಣಾಂಕ ಸುಮಾರು 0.012, ದಟ್ಟವಾದ ಪೊದೆ ಬೆಳೆದ ದಡದಲ್ಲಿ ಅದು 0.1ನ್ನೂ ಮೀರುತ್ತದೆ. ಆದರೆ ಬಾಗದ ಕಾಂಡಗಳು ನಿಂತಲ್ಲಿ ಸೂತ್ರದ ನೆಲೆಯೇ ಅಲುಗುತ್ತದೆ. ಬಾಗುವ ಹುಲ್ಲು ಪ್ರವಾಹದಲ್ಲಿ ಮಲಗಿ ನೀರಿಗೆ ದಾರಿ ಬಿಡುತ್ತದೆ. ಗಟ್ಟಿ ಕಾಂಡವಾದರೋ ತಳದಿಂದ ನೀರಿನ ಮೇಲ್ಮೈವರೆಗೂ ಹರಿವಿಗೆ ಎದುರಾಗಿ ನಿಲ್ಲುತ್ತದೆ. ಆಳ ಹೆಚ್ಚಿದಂತೆ ತಡೆಯೂ ಹೆಚ್ಚುವುದರಿಂದ ವೇಗ ಏರುವುದಿಲ್ಲ. ಗುಣಾಂಕವೇ ಆಳದೊಡನೆ ಏರುತ್ತದೆ. ರಕ್ತನಾಳ ಅಗಲವಾದಷ್ಟೂ ತಡೆ ಇಳಿಯುವುದೆಂಬ ಪಾಠವನ್ನು ಕಲಿತ ವೈದ್ಯರಿಗೆ ಇದು ಅಚ್ಚರಿಯ ಮಾತು.

ನಮ್ಮ ನಾಲೆಗಳಲ್ಲಿ ಜೊಂಡು ಬೆಳೆದರೆ ಕೊನೆಯ ಭಾಗದ ರೈತನಿಗೆ ನೀರು ತಲುಪದು. ಅಲ್ಲಿ ಗಿಡವೇ ಶತ್ರು. ಸಿಯಾಟಲ್ ನಗರದ ಥಾರ್ನ್‌ಟನ್ ತೊರೆಯಲ್ಲಿ ಇದಕ್ಕೆ ವಿರುದ್ಧವಾದ ಕೆಲಸ ನಡೆದಿದೆ. ಅಲ್ಲಿ ತೊರೆಗೆ ಹರಡಲು ಜಾಗ ಬಿಟ್ಟು, ಮರದ ದಿಮ್ಮಿಗಳನ್ನಿರಿಸಿ, ಸ್ಥಳೀಯ ಗಿಡಗಳನ್ನು ನೆಟ್ಟು, ನೆರೆಯನ್ನು ನಿಧಾನಿಸಿ ಸಾಲ್ಮನ್ ಮೀನಿಗೆ ಆಶ್ರಯ ಕಲ್ಪಿಸಲಾಗಿದೆ. ಎರಡೂ ಕಡೆ ಎಂಜಿನಿಯರುಗಳು ಮೊದಲು ಕೈಗೆತ್ತಿಕೊಳ್ಳುವುದು ಮ್ಯಾನಿಂಗ್ ಸೂತ್ರವನ್ನೇ.

1891ರಲ್ಲಿ ನಿವೃತ್ತರಾದ ಮ್ಯಾನಿಂಗ್ 1897ರಲ್ಲಿ ನಿಧನರಾದರು.