ಕಿಟೆಲ್ ಪಂಡಿತರೂ ಅವರ ಮನೆವಾರ್ತೆಯೂ

ಹುಬ್ಬಳ್ಳಿಯ ಸಮೀಪದ ಸುಳ್ಳ ಗ್ರಾಮದಲ್ಲಿ ಯುಗಾದಿಯ ದಿನಗಳೆಂದರೆ ಬಿಸಿಲಿನ ದಿನಗಳು. ಎರೆಭೂಮಿಯು ಬಿರಿದು ಬಾಯ್ದೆರೆದಿರುವುದು. ಬೇವು ಹೂವಿನಿಂದ ತುಂಬಿರುವುದು. ವಸಂತಕಾಲದಲ್ಲಿಯೂ ಚಳಿಯುಂಟೆಂಬುದನ್ನು ನಮ್ಮ ಬಾಲಿಕೆಯರು ಭೂಗೋಳದ ಪುಸ್ತಕದಿಂದಲೇ ಅರಿಯಬೇಕು. ಆದರೆ ಇಲ್ಲಿಯ ಒಕ್ಕಲಿಗನ ಕೂರಿಗೆ, ಕುಂಟೆ, ಕಣಗಳ ಹೆಸರುಗಳನ್ನು ಕವಿಗಳ ನುಡಿಗಳೊಡನೆ ಒಂದೇ ಕೋಶದಲ್ಲಿ ಕೂಡಿಸಿಟ್ಟ ಮಹನೀಯರು ಜನಿಸಿದ್ದು ಅಂಥ ಚಳಿಯ ವಸಂತದ ನಾಡಿನಲ್ಲಿಯೇ. ಅವರ ಪಾಂಡಿತ್ಯವನ್ನು ಎಲ್ಲರೂ ಬಲ್ಲರು. ನಾವು ಈ ಸಂಚಿಕೆಯಲ್ಲಿ ಅವರ ಮನೆಯ ಕಡೆಗೂ ಓದುಗರ ದೃಷ್ಟಿಯನ್ನು ತಿರುಗಿಸಬಯಸುತ್ತೇವೆ.

ಫರ್ಡಿನಂಡ್ ಕಿಟೆಲ್ಲರು 1832ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಜರ್ಮನಿಯ ಉತ್ತರ ಸಮುದ್ರತೀರದ ಸೀಮೆಯಾದ ಪೂರ್ವ ಫ್ರೀಸ್‌ಲೆಂಡಿನ ರೆಸ್ಟರ್‌ಹಾಫೆ ಎಂಬಲ್ಲಿ ಜನಿಸಿದರು. ತಂದೆಯವರು ಸಭಾಪಾಲಕರು. ಬೇಸಾಯದ ಊರು, ಸಮುದ್ರದ ಶೀತಗಾಳಿ, ಪ್ರಾರ್ಥನೆಯಿಂದ ನಡೆಯುವ ಮನೆ, ಇವುಗಳ ನಡುವೆ ಅವರ ಬಾಲ್ಯವು ಕಳೆಯಿತು. ಭಾಷೆಗಳಲ್ಲಿ ಅವರಿಗೆ ಮೊದಲಿನಿಂದಲೂ ಆಸಕ್ತಿ. ಮುಂದೆ ಬಾಸೆಲ್ ಮಿಶನಿನ ವಿದ್ಯಾಲಯವನ್ನು ಸೇರಿ, 1853ರಲ್ಲಿ, ತಮ್ಮ ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಹಿಂದೂಸ್ಥಾನಕ್ಕೆ ಹೊರಟು ಬಂದರು. ಬಾಸೆಲ್ ಮಿಶನಿನವರು ಧಾರವಾಡದಲ್ಲಿ 1837ರಲ್ಲಿಯೂ ಹುಬ್ಬಳ್ಳಿಯಲ್ಲಿ 1839ರಲ್ಲಿಯೂ ನೆಲೆಯೂರಿದ್ದರು. ಧಾರವಾಡಕ್ಕೆ ಬಂದ ತರುಣ ಕಿಟೆಲ್ಲರು ಕಾಲ್ನಡೆಯಿಂದಲೇ ಹಳ್ಳಿಗಳನ್ನು ಸುತ್ತಿದರು. ಕೇಳುವವನ ನುಡಿಯನ್ನೂ ನಡೆಯನ್ನೂ ಅರಿಯದೆ ಸುವಾರ್ತೆಯನ್ನು ಹೇಳಲಾಗದೆಂಬುದು ಅವರ ನಂಬಿಕೆ. ಈ ವಿಷಯದಲ್ಲಿ ಅವರಿಗೂ ಜೊತೆಯ ಮಿಶನರಿಗಳಿಗೂ ಭಿನ್ನಾಭಿಪ್ರಾಯಗಳುಂಟಾದವು. ಪ್ರಸಂಗಿಗಳಾಗಿ ಅವರು ಕಂಡ ಫಲವು ಅಲ್ಪವೇ ಸರಿ.

1860ರಲ್ಲಿ ಅವರು ಪೌಲೀನಾ ಐತ್ ಎಂಬ ಕನ್ಯೆಯನ್ನು ವಿವಾಹವಾದರು. ಆ ಮನೆಯಲ್ಲಿ ಮಕ್ಕಳ ಧ್ವನಿಯು ಕೇಳಿಸಿತು. ಯೇಸುಸ್ವಾಮಿಯ ಚರಿತ್ರೆಯನ್ನು ಕನ್ನಡದ ಪದ್ಯರೀತಿಯಲ್ಲಿ ಹೇಳುವ ಅವರ ‘ಕಥಾಮಾಲೆ’ಯು 1862ರಲ್ಲಿ ಹೊರಬಂದದ್ದು ಈ ಸಂಸಾರದ ದಿನಗಳಲ್ಲಿಯೇ. ಆದರೆ ಆ ಸುಖವು ಬಹುಕಾಲ ನಿಲ್ಲಲಿಲ್ಲ. 1864ರಲ್ಲಿ ಪೌಲೀನಮ್ಮನವರು ತೀರಿಕೊಂಡರು. ಎಳೆಯ ಮಕ್ಕಳು ತಾಯಿಯಿಲ್ಲದವರಾದರು. ಮೂರು ವರ್ಷಗಳ ತರುವಾಯ ಮೃತಳ ತಂಗಿಯಾದ ಯೂಲಿಯಮ್ಮನವರು ಕಿಟೆಲ್ಲರ ಕೈಹಿಡಿದು, ಅಕ್ಕನ ಮಕ್ಕಳಿಗೆ ತಾಯಿಯಾದರು. ಚಿಕ್ಕಮ್ಮನೇ ತಾಯಿಯಾಗಿ ಬರುವುದು ನಮ್ಮ ಮನೆಗಳಲ್ಲಿಯೂ ಅಪರೂಪವಲ್ಲ. ಅದರ ಭಾರವೆಷ್ಟೆಂಬುದನ್ನು ನಮ್ಮ ಓದುಗರಾದ ತಾಯಂದಿರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಇತ್ತ ಕಿಟೆಲ್ಲರ ಗ್ರಂಥಸೇವೆಯು ಬೆಳೆಯುತ್ತಲೇ ಇತ್ತು. ಕೇಶಿರಾಜನ ‘ಶಬ್ದಮಣಿದರ್ಪಣ’ವು 1872ರಲ್ಲಿಯೂ, ನಾಗವರ್ಮನ ಛಂದೋಗ್ರಂಥವು 1875ರಲ್ಲಿಯೂ ಅವರಿಂದ ಪರಿಷ್ಕೃತವಾಗಿ ಅಚ್ಚಾದವು. 1877ರಲ್ಲಿ ಅವರು ಜರ್ಮನಿಗೆ ಮರಳಿದರು. ಅಲ್ಲಿ ಮನೆಯವರೊಡನೆ ನೆಮ್ಮದಿಯಾಗಿ ಬಾಳಬಹುದಾಗಿತ್ತು. ಆದರೆ ಕನ್ನಡದ ಕೋಶವು ಇನ್ನೂ ಪೂರ್ತಿಯಾಗಿರಲಿಲ್ಲ; ದೂರದಲ್ಲಿದ್ದು ಪುಸ್ತಕಗಳಿಂದ ಮಾತ್ರ ಪೂರೈಸುವಂಥ ಕಾರ್ಯವೂ ಅದಾಗಿರಲಿಲ್ಲ. ಆದಕಾರಣ 1883ರಲ್ಲಿ, ಐವತ್ತನ್ನು ದಾಟಿದ ವಯಸ್ಸಿನಲ್ಲಿ, ಹೆಂಡತಿಮಕ್ಕಳನ್ನು ಸ್ವದೇಶದಲ್ಲಿಯೇ ಬಿಟ್ಟು ಅವರು ಮತ್ತೊಮ್ಮೆ ಕನ್ನಡನಾಡಿಗೆ ಹಡಗನ್ನೇರಿದರು. 1892ರವರೆಗೂ ಅವರ ದುಡಿಮೆಯು ಇಲ್ಲಿ ನಡೆಯಿತು. ಕಣ್ಣಿನ ಶಕ್ತಿಯೂ ಕುಂದಿತು.

ಈ ಅಗಲಿಕೆಯ ವಿಷಯದಲ್ಲಿ ನಮ್ಮ ಮನಸ್ಸು ಇಬ್ಬಗೆಯಾಗುತ್ತದೆ. ಮಿಶನರಿಗಳ ಮಕ್ಕಳನ್ನು ಎಳೆಯ ವಯಸ್ಸಿನಲ್ಲಿಯೇ ಯೂರೋಪಿಗೆ ಕಳುಹಿಸಿ ಓದಿಸುವುದು ಆಗಿನ ರೂಢಿಯಾಗಿತ್ತು, ನಿಜ. ಆದರೂ ರೂಢಿಯಿಂದ ಮಗುವಿನ ದುಃಖವು ಕಡಿಮೆಯಾಗದು. ಹಿಮವು ಕರಗದ ಮಾರ್ಚ್ ತಿಂಗಳಲ್ಲಿ, ಒಲೆಯ ಬಳಿಯಲ್ಲಿ ಕುಳಿತ ಮಕ್ಕಳು ತಂದೆಯ ಓಲೆಗಾಗಿ ಕಾದಿರಬಹುದು. ಊಟಕ್ಕೆ ಮುಂಚಿನ ಪ್ರಾರ್ಥನೆಯನ್ನು ತಾಯಿಯೊಬ್ಬಳೇ ನಡೆಸಿರಬಹುದು. ಇದು ನಮ್ಮ ಊಹೆ ಮಾತ್ರ. ಆದರೆ ಒಂಬತ್ತು ವಸಂತಗಳು ಹಾಗೆ ಕಳೆದವೆಂಬುದು ಊಹೆಯಲ್ಲ. ತಂದೆಯಾದವನು ಹೀಗೆ ಮಾಡಬಹುದೇ ಎಂದು ಯಾರಾದರೂ ಕೇಳಿದರೆ, ಥಟ್ಟನೆ ಉತ್ತರ ಕೊಡಲು ನಮ್ಮಿಂದಾಗದು. ಇಷ್ಟನ್ನು ಮಾತ್ರ ಹೇಳಬಲ್ಲೆವು: ಆ ತ್ಯಾಗದಲ್ಲಿ ಕಿಟೆಲ್ಲರ ಪಾಲು ಎಷ್ಟೋ, ಯೂಲಿಯಮ್ಮನವರದೂ ಮಕ್ಕಳದೂ ಅಷ್ಟೇ.

1894ರಲ್ಲಿ ಆ ಮಹಾಕೋಶವು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದಿತು. ಸುಮಾರು 70,000 ಶಬ್ದಗಳು; 1,700ಕ್ಕೂ ಮಿಕ್ಕಿದ ಪುಟಗಳು. ಅದರಲ್ಲಿ ಕವಿಗಳ ಪ್ರಯೋಗವೂ, ಗಾದೆಗಳೂ, ತಮಿಳು ತೆಲುಗು ತುಳು ಮಲೆಯಾಳ ಭಾಷೆಗಳ ಸೋದರಶಬ್ದಗಳೂ ಒಟ್ಟಿಗಿವೆ. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯವು ಅವರಿಗೆ ಡಾಕ್ಟರ್ ಪದವಿಯನ್ನಿತ್ತು ಗೌರವಿಸಿತು. 1903ರಲ್ಲಿ ಅವರ ಕನ್ನಡ ವ್ಯಾಕರಣವು ಪ್ರಕಟವಾಯಿತು; ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಟ್ಯೂಬಿಂಗನ್ನಿನಲ್ಲಿ ಕರ್ತನಲ್ಲಿ ನಿದ್ರೆಹೋದರು. ಬೆಂಗಳೂರಿನಲ್ಲಿ ಅವರ ಪ್ರತಿಮೆಯುಂಟು. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜುಂಟು. ಯೂಲಿಯಮ್ಮನವರ ಹೆಸರನ್ನು ಮಾತ್ರ ಬಲ್ಲವರು ವಿರಳ.

ಪ್ರಿಯ ಸೋದರಿಯರೇ, ನಿಮ್ಮಲ್ಲಿ ಅನೇಕರು ಸುಳ್ಳದಂಥ ಊರುಗಳ ಮನೆಗಳಲ್ಲಿ ಇಂದು ಗೃಹಿಣಿಯರಾಗಿದ್ದೀರಿ. ರೊಟ್ಟಿ ಬಡಿಯುವುದು, ಮಕ್ಕಳಿಗೆ ಪಾಠ ಹೇಳುವುದು, ರೋಗಿಗಳ ಬಳಿ ಎಚ್ಚರವಿರುವುದು, ಇವು ಯಾವ ಗ್ರಂಥದ ಮುಖಪುಟದಲ್ಲಿಯೂ ಅಚ್ಚಾಗುವುದಿಲ್ಲ. ಆದರೂ ದೊಡ್ಡ ಕಾರ್ಯಗಳ ಅಡಿಗಲ್ಲುಗಳು ಇವೇ. ಪಾಲಕರೇ, ಮನೆಯಲ್ಲಿ ಆ ಕೋಶವಿದ್ದರೆ ಮಗಳ ಕೈಗೆ ಕೊಡಿರಿ; ಅವಳು ತನ್ನ ಅಜ್ಜಿಯ ಮಾತೊಂದನ್ನು ಅದರಲ್ಲಿ ಹುಡುಕಲಿ. ಅದು ಸಿಕ್ಕಾಗ, ಆ ಒಂದು ಮಾತಿಗಾಗಿ ಚಳಿನಾಡಿನಲ್ಲಿ ತಂದೆಯ ದಾರಿಯನ್ನು ಕಾದ ಮಕ್ಕಳನ್ನೂ ನೆನೆಯಲಿ.