ಲಾಲ್‌ಬಾಗಿನ ಕೃಂಬಿಗಲ್

ಆಳಂದ, ಅಫಜಲಪುರ, ಜೇವರ್ಗಿಯ ರೈತ ಬಾಂಧವರೇ, ವಿಸ್ತರಣಾ ಕಾರ್ಯಕರ್ತರೇ, ಪಟ್ಟಣದ ಉದ್ಯಾನದಲ್ಲಿ ನೆಟ್ಟ ಸಸಿ ಮೊದಲ ಬೇಸಿಗೆಯಲ್ಲೇ ಒಣಗಿದರೆ ನೀವು ಬಿಸಿಲನ್ನು ದೂರುತ್ತೀರಿ. ಮಾಲಿಗೆ ತರಬೇತಿ ದೊರಕಿತ್ತೇ ಎಂದು ವಿಚಾರಿಸುವುದು ವಿರಳ. ಗುಸ್ತಾವ್ ಹರ್ಮನ್ ಕೃಂಬಿಗಲ್ ಅವರ ಬದುಕನ್ನು ಈ ದೃಷ್ಟಿಯಿಂದ ನೋಡಿರಿ. 1865ರಲ್ಲಿ ಜರ್ಮನಿಯ ಡ್ರೆಸ್ಡೆನ್ ಬಳಿ ಜನಿಸಿದ ಅವರು ಲಂಡನ್ನಿನ ಹೈಡ್ ಪಾರ್ಕ್ ಹಾಗೂ ಕ್ಯೂ ಸಸ್ಯೋದ್ಯಾನಗಳಲ್ಲಿ ದುಡಿಯುತ್ತಲೇ ಕಲಿತರು. 1893ರಲ್ಲಿ ಬರೋಡಾಕ್ಕೂ 1908ರಲ್ಲಿ ಬೆಂಗಳೂರಿನ ಲಾಲ್‌ಬಾಗಿಗೂ ಬಂದರು. ಒಂದು ಜಾತಿಯ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ನಗರದ ಬೀದಿಗಳಿಗೆ ಮರಗಳನ್ನು ಆರಿಸಿದರು; ಪ್ರತಿ ಮರದ ಋತುವನ್ನು ಬಲ್ಲವರಿಗಷ್ಟೇ ಇದು ಸಾಧ್ಯ. ಅವರ ಬಳಿ ಪಳಗಿದ ಎಚ್.ಸಿ. ಜವರಾಯರು ಕ್ಯೂನಲ್ಲಿಯೂ ತರಬೇತಿ ಪಡೆದು, 1932ರಲ್ಲಿ ಅವರ ಸ್ಥಾನಕ್ಕೆ ಬಂದರು. ಕೃಂಬಿಗಲ್ ನಿಧನರಾದದ್ದು 1956ರ ಫೆಬ್ರುವರಿಯಲ್ಲಿ. ಆಗ ಹೈದರಾಬಾದ್ ರಾಜ್ಯದಲ್ಲಿದ್ದ ನಿಮ್ಮ ತಾಲ್ಲೂಕುಗಳು ಮೈಸೂರನ್ನು ಸೇರಿದ್ದು ಅದೇ ವರ್ಷದ ನವೆಂಬರಿನಲ್ಲಿ.