ಓಬರ್ಲಿನ್ ಪಾದ್ರಿಯವರ ಚರಿತ್ರೆ

ಹಣವು ಸ್ವಲ್ಪವಾಗಿಯೂ ಕೊರತೆಗಳು ಬಹಳವಾಗಿಯೂ ಇರುವಲ್ಲಿ ಯಾವದನ್ನು ಮೊದಲು ಮಾಡತಕ್ಕದ್ದೆಂಬ ಪ್ರಶ್ನೆಯು ಪ್ರತಿ ಊರಿನಲ್ಲಿಯೂ ಹುಟ್ಟುವದು. ಈ ಪ್ರಶ್ನೆಗೆ ತಮ್ಮ ಬಾಳಿನಿಂದಲೇ ಉತ್ತರ ಕೊಟ್ಟ ಒಬ್ಬ ಸಭಾಪಾಲಕರ ಚರಿತ್ರೆಯನ್ನು ನಾವು ಇಲ್ಲಿ ಸಂಕ್ಷೇಪವಾಗಿ ಬರೆಯುತ್ತೇವೆ.

ಯೋಹಾನ್ ಫ್ರೀಡ್ರಿಖ್ ಓಬರ್ಲಿನ್ ಎಂಬವರು 1740ರಲ್ಲಿ ಸ್ಟ್ರಾಸ್‌ಬುರ್ಗ್ ಪಟ್ಟಣದಲ್ಲಿ ಹುಟ್ಟಿದರು. 1767ರಲ್ಲಿ ಅವರು ವೋಸ್ಜ್ ಬೆಟ್ಟಗಳ ನಡುವಣ ಸ್ಟೈನ್‌ಥಾಲ್, ಅಂದರೆ ಕಲ್ಲುಕಣಿವೆ ಎಂಬ ಸೀಮೆಗೆ ಪಾದ್ರಿಯಾಗಿ ಬಂದು ವಾಲ್ಡರ್ಸ್‌ಬಾಖ್ ಗ್ರಾಮದಲ್ಲಿ ನೆಲೆಸಿದರು. ಅಲ್ಲಿನ ಐದು ಗ್ರಾಮಗಳಲ್ಲಿ ಬಡತನವು ಬಹಳವಾಗಿತ್ತು. ಭೂಮಿಯು ಕಲ್ಲಿನದು, ಹೊರಗಿನ ಪೇಟೆಗೆ ಹೋಗಲು ತಕ್ಕ ದಾರಿಯೂ ಇರಲಿಲ್ಲ.

ಅವರಿಗಿಂತ ಮುಂಚೆ ಅಲ್ಲಿ ಸೇವೆಮಾಡಿದ ಸ್ಟೂಬರ್ ಪಾದ್ರಿಯವರು ಮೊದಲು ಬಂದು ಶಾಲೆಯನ್ನು ನೋಡಲು ಹೋದಾಗ ಒಂದು ಗುಡಿಸಲಲ್ಲಿ ಮಕ್ಕಳು ಗದ್ದಲಮಾಡುತ್ತಿದ್ದರು, ಒಬ್ಬ ಮುದುಕನು ಹಾಸಿಗೆಯಲ್ಲಿ ಮಲಗಿದ್ದನು. ಆತನೇ ಉಪಾಧ್ಯಾಯನು! ಊರಿನ ಹಂದಿಗಳನ್ನು ಮೇಯಿಸಲು ಶಕ್ತಿಯಿಲ್ಲದೆ ಹೋದದರಿಂದ ಆತನಿಗೆ ಮಕ್ಕಳನ್ನು ಒಪ್ಪಿಸಿದ್ದರು. ಆ ಕೆಲಸವು ಅಷ್ಟು ಹೀನವೆಂದು ಎಣಿಸಲ್ಪಟ್ಟಿತ್ತು. ಸ್ಟೂಬರರು ಉಪಾಧ್ಯಾಯರಿಗೆ ಗೌರವದ ಹೆಸರನ್ನು ಕೊಟ್ಟು, ಯೋಗ್ಯರಾದ ಯೌವನಸ್ಥರನ್ನು ಆ ಕೆಲಸಕ್ಕೆ ಎಳೆದುಕೊಂಡರು.

ಓಬರ್ಲಿನರು ಬಂದಾಗ ಪಾದ್ರಿಯ ಮನೆಯು ಸೋರುತ್ತಾ ಬೀಳುವ ಸ್ಥಿತಿಯಲ್ಲಿತ್ತು. ಆದರೂ ಅವರು ಅದನ್ನು ಮುಟ್ಟದೆ ಶಾಲೆಯ ಕಟ್ಟಡಕ್ಕೆ ಕೈಯಿಕ್ಕಿದರು. ಊರವರು ಸಂತೋಷಪಟ್ಟರೋ? ಇಲ್ಲ. ಕಟ್ಟುವ ಮತ್ತು ದುರಸ್ತಿಯ ವೆಚ್ಚವು ತಮ್ಮ ಮೇಲೆ ಬೀಳುವದೆಂದು ಹೆದರಿ ಎದುರುನಿಂತರು. ಊರ ಹಣದಿಂದ ಒಂದು ಕಾಸನ್ನೂ ಕೇಳುವದಿಲ್ಲವೆಂದು ಮಾತುಕೊಟ್ಟು, ಸ್ಟ್ರಾಸ್‌ಬುರ್ಗಿನ ಸ್ನೇಹಿತರ ಸಹಾಯದಿಂದ ಅವರು ಕಟ್ಟಿಸಿದರು. ಶಾಲೆಯ ಫಲವನ್ನು ಕಣ್ಣಾರೆ ಕಂಡ ಮೇಲೆ ಉಳಿದ ಗ್ರಾಮದವರು ತಾವಾಗಿಯೇ ಮುಂದೆ ಬಂದರು. ಕೆಲವು ವರುಷಗಳೊಳಗೆ ಐದು ಗ್ರಾಮಗಳಿಗೂ ಶಾಲೆಗಳಾದವು. ಪಾದ್ರಿಯ ಹೊಸ ಮನೆಯಾದರೋ 1787ರಲ್ಲಿಯೇ ಆಯಿತು. ಹೀಗೆ ಇಪ್ಪತ್ತು ವರುಷ ಅವರು ಹಳೇ ಮನೆಯಲ್ಲಿ ತಾಳಿಕೊಂಡರು.

ತಂದೆತಾಯಿಗಳು ಹೊಲಕ್ಕೆ ಹೋದಾಗ ಚಿಕ್ಕ ಮಕ್ಕಳು ದಿಕ್ಕಿಲ್ಲದೆ ತಿರುಗುತ್ತಿರುವದು ಅವರ ಕಣ್ಣಿಗೆ ಬಿತ್ತು. ಬೆಲ್ಮೊಂ ಗ್ರಾಮದ ಸಾರಾ ಬಾಂಜೆ ಎಂಬ ಹುಡುಗಿಯು ತನ್ನ ಮನೆಯಲ್ಲಿ ಮಕ್ಕಳಿಗೆ ಹೆಣಿಗೆ ಕಲಿಸುತ್ತಿರುವದನ್ನು ಕೇಳಿ, ಅವಳಿಗೆ ಸಂಬಳವನ್ನು ಗೊತ್ತುಮಾಡಿ, ಅದೇ ರೀತಿಯಲ್ಲಿ ಬೇರೆ ಗ್ರಾಮಗಳಲ್ಲಿಯೂ ಶಿಶುಶಾಲೆಗಳನ್ನು ಸ್ಥಾಪಿಸಿದರು. ಅಲ್ಲಿ ಮಕ್ಕಳು ಹೆಣೆಯುತ್ತಾ ಗಿಡಗಳ ಹೆಸರುಗಳನ್ನೂ ಚಿತ್ರಗಳನ್ನೂ ಹಾಡುಗಳನ್ನೂ ಕಲಿತರು. ಲೂಯಿಸ್ ಶೆಪ್ಲರ್ ಎಂಬವಳು ಈ ಸೇವೆಯಲ್ಲಿ ತನ್ನ ಆಯುಷ್ಯವನ್ನೆಲ್ಲಾ ಸವೆಸಿದಳು. 1783ರಲ್ಲಿ ಪಾದ್ರಿಯವರ ಪತ್ನಿ ತೀರಿಹೋದ ಮೇಲೆ ಅವರ ಮನೆಯನ್ನೂ ನೋಡಿಕೊಂಡಳು.

ಶಾಲೆಗೆ ಮೊದಲ ಸ್ಥಾನವನ್ನು ಕೊಟ್ಟದರಿಂದ ಬೇರೆ ಕೆಲಸಗಳು ಕೆಟ್ಟವೆಂದು ಯಾರೂ ತಿಳಿಯಬಾರದು. ಪಾದ್ರಿಯವರು ತಾವೇ ಗುದ್ದಲಿ ಹಿಡಿದು ಜನರನ್ನು ಕರೆದು ದಾರಿಯನ್ನೂ ಬ್ರೂಷ್ ಹೊಳೆಗೆ ಸೇತುವೆಯನ್ನೂ ಮಾಡಿಸಿದರು. ಚುರುಕಾದ ಹುಡುಗರನ್ನು ಸ್ಟ್ರಾಸ್‌ಬುರ್ಗಿಗೆ ಕಳುಹಿಸಿ ಕಲ್ಲುಕೆಲಸ, ಕಮ್ಮಾರಿಕೆ ಮೊದಲಾದ ಕಸಬುಗಳನ್ನು ಕಲಿಸಿದರು. ಒಂದೊಂದು ಗ್ರಾಮಕ್ಕೆ ಬೇರೆ ಬೇರೆ ಪುಸ್ತಕಭಂಡಾರ ಇಡಲು ಹಣವಿಲ್ಲದದರಿಂದ, ಅವೇ ಪುಸ್ತಕಗಳು ಗ್ರಾಮದಿಂದ ಗ್ರಾಮಕ್ಕೆ ಸುತ್ತುವಂತೆ ಏರ್ಪಾಡುಮಾಡಿದರು.

ಐವತ್ತೊಂಭತ್ತು ವರುಷ ಒಂದೇ ಕಣಿವೆಯಲ್ಲಿ ಸೇವೆಮಾಡಿ, 1826ನೇ ಜೂನ್ 1ರಂದು ಅವರು ಕರ್ತನಲ್ಲಿ ನಿದ್ರೆಹೋದರು. ಫೂದೆ ಗ್ರಾಮದಲ್ಲಿ ಅವರ ಸಮಾಧಿಯಿದೆ.

ಪ್ರಿಯ ವಾಚಕರೇ, ನಮ್ಮ ಊರಿನ ಕೂಟದಲ್ಲಿ ಹಣದ ವಿಚಾರ ಬರುವಾಗ ಈ ಸೋರುವ ಮನೆಯನ್ನು ನೆನಪಿಗೆ ತರೋಣ. ಎಲ್ಲರಿಗೂ ಕಾಣುವ ಕಟ್ಟಡವು ಮೊದಲು ಬೇಕೋ, ಮಕ್ಕಳಿಗೆ ಕಲಿಸುವ ಯೋಗ್ಯನಾದ ಉಪಾಧ್ಯಾಯನೋ? ದೊಡ್ಡವರ ಅನುಕೂಲವೋ, ಕೂಸುಗಳ ಪಾಲನೆಯೋ? ಇದ್ದ ಕಾಸು ಸ್ವಲ್ಪವಾದಷ್ಟೂ ಈ ಆಲೋಚನೆಯು ನಮಗೆ ಅಗತ್ಯವಾಗಿದೆ.